ಕೋಚ್ ಮುರಿದ ಸೋಫಾ

"ಈ ಸೋಫಾಕ್ಕೆ ಮಗನ್ನ ಮಾರ್ಬಿಟ್ರಾ ಅಮ್ಮಾ?" ಎಂದು ಟಿವಿಯವನು ಮೈಕನ್ನು ವರ್ನೆಲ್‌ಳ ಬಾಯಿಗೇ ತುರುಕಿದ. "ಒಂಚೂರು ಅಳ್ತೀರಾ? ಕ್ಯಾಮೆರಾ ಕಡೆ ತಿರುಗಿ."

"ಈರುಳ್ಳಿ ತಂದ್ಕೊಡು, ಅಳ್ತೀನಿ ಕಣಪ್ಪ."

ಎಂಟು ಗಂಟೆ ಕಾರ್ಖಾನೆಯಲ್ಲಿ ಕೋಳಿಯ ಮೂಳೆ ಬಿಡಿಸಿ ಬಂದಿದ್ದ ಅವಳ ಬೆರಳುಗಳು ಇನ್ನೂ ನೆಟ್ಟಗಾಗಿರಲಿಲ್ಲ. ಬಾಗಿಲನ್ನು ಮೊಣಕೈಯಿಂದಲೇ ದೂಡಿ ಮುಚ್ಚಿದಳು.

ಮಿಸಿಸಿಪ್ಪಿಯ ಆ ಕೇರಿಯಲ್ಲಿ ಮನೆಯ ಒಳ್ಳೆಯ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿಡುತ್ತಾರೆ. ಪಾದ್ರಿ ಬಂದರಷ್ಟೇ ಅದರ ಮೇಲೆ ಕೂರಬೇಕು, ಮನೆಮಕ್ಕಳು ನೆಲಕ್ಕೆ. ಮಗ ಡೆಶಾನನನ್ನು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕರೆಯಲು ಬಂದ ಕೋಚ್ ಹಲ್ಬರ್ಟನನ್ನು ವರ್ನೆಲ್ ಪಾದ್ರಿಯ ಜಾಗದಲ್ಲಿ ಕೂರಿಸಿದ್ದಳು. ಅವಳು ಮಾಡಿದ ತಪ್ಪು ಅದೊಂದೇ. ಮೂರು ತಟ್ಟೆ ಕರಿದ ಮೀನು ಇಳಿಸಿ ಅವನು ಹಿಂದಕ್ಕೊರಗಿದ್ದೇ ತಡ, ಅವಳ ಅವ್ವನ ಕಾಲದ ಸೋಫಾದ ನಡು ಲಟಕ್ಕೆಂದಿತು. ಮರುವಾರ ಕೋಚ್ ಕಳಿಸಿದ ಹೊಸದು ಬಂತು. ಹಳೆಯದನ್ನು ಲಾರಿಯವರು ಹೊತ್ತೊಯ್ದರು.

ಆಟಗಾರನ ಮನೆಗೆ ಉಡುಗೊರೆ ಕೊಡಬಾರದೆಂಬುದು ನಿಯಮ. ಪತ್ರಿಕೆ 'ಲಂಚದ ಸೋಫಾ' ಎಂದು ಮುಖಪುಟದಲ್ಲಿ ಹಾಕಿತು. ಡೆಶಾನನಿಗೆ ವರ್ಷವಿಡೀ ಆಟ ಬಂದ್. ಕೋಚ್ ಮಾತ್ರ ತಾನು ಹಳೆಯದನ್ನು ಮುರಿದ ಸುದ್ದಿಯನ್ನೇ ಎತ್ತದೆ, "ಬಡವರ ಪಾಡು ಕಂಡು ಕರುಳು ಚುರುಕ್ಕೆಂದಿತು" ಎಂದು ಟಿವಿಯಲ್ಲಿ ಹೇಳಿ ಕೆಲಸ ಉಳಿಸಿಕೊಂಡ. ಕೊನೆಗೆ ಕಾಲೇಜಿನ ಕಾಗದ ಬಂತು: ಸೋಫಾ ಹಿಂದಿರುಗಿಸಿ, ಆಮೇಲೆ ಹುಡುಗನನ್ನು ಮತ್ತೆ ಆಡಿಸುವ ಅರ್ಜಿ ನೋಡೋಣ.

"ಬುಡವ್ವಾ, ನಾನೂ ಕೋಳಿ ಕಾರ್ಖಾನೆಗೇ ಬತ್ತೀನಿ" ಎಂದ ಡೆಶಾನ್.

ವರ್ನೆಲ್ ಸೋಫಾದ ಒಂದು ತುದಿ ಹಿಡಿದಳು. "ಬಾಯ್ಮುಚ್ಲಾ! ವಾಪ್ಸು ಕೊಡು ಅಂದವ್ರೆ ತಾನೆ? ಕೊಡಾಣ. ಎತ್ತು ಆ ಕಡೆ."

ಶನಿವಾರ ಪಂದ್ಯ. ಕ್ರೀಡಾಂಗಣದ ಮುಂಬಾಗಿಲಲ್ಲಿ, ತಂಡದ ಬಸ್ಸು ಬರುವ ದಾರಿಗೆ ಅಡ್ಡಲಾಗಿ, ಕಾರ್ಖಾನೆಯ ನಾಲ್ಕು ಹೆಂಗಸರು ಸೋಫಾ ಇಳಿಸಿದರು. ಅದರ ಪ್ಲಾಸ್ಟಿಕ್ ಇನ್ನೂ ಸುಕ್ಕಾಗಿರಲಿಲ್ಲ. ಪಾದ್ರಿಯೂ ಕೂತಿರದಿದ್ದ ಅದರ ಮೇಲೆ ವರ್ನೆಲ್ ಜೀವಮಾನದಲ್ಲಿ ಮೊದಲ ಸಲ ಕೂತಳು. ಮಡಿಲಿಗೆ ಅಲಸಂದೆಕಾಯಿ ಸುರಿದುಕೊಂಡು ಬಿಡಿಸತೊಡಗಿದಳು.

ಕಾವಲಿನವನು ಓಡಿ ಬಂದ. "ಏಳಮ್ಮಾ, ಇಲ್ಲಿ ಕೂರಂಗಿಲ್ಲ!"

"ವಾಪ್ಸು ಕೊಡಾಕೇ ಬಂದಿವ್ನಿ ಕಣಪ್ಪ. ರೂಲ್ಸು ಅಂದ್ರೆ ರೂಲ್ಸು. ನಮ್ಮವ್ವನ ಸೋಫಾ ತಂದಿಕ್ಕು, ಇದ್ನ ತಗೊಂಡೋಗು. ಹಂಗೇ ನನ್ ಮಗನ ವರ್ಸಾನೂ ತತ್ತಾ."

ಅಷ್ಟರಲ್ಲಿ ಅದೇ ಟಿವಿಯವನು ಏದುಸಿರು ಬಿಡುತ್ತಾ ಬಂದ. "ನೇರಪ್ರಸಾರ ಅಮ್ಮಾ! ಹಳೇದು ಏನಾಯ್ತು?"

"ಮೂರು ತಟ್ಟೆ ಮೀನ್ ತಿಂದು ಮುರ್ದಾಕಿದ ಮುಂಡೇಮಗನ್ನ ಕೇಳು. ಅಗಾ, ಬಂದ."

ದಾರಿಯಿಲ್ಲದೆ ನಿಂತ ಬಸ್ಸಿನಿಂದ ಕೋಚ್ ಇಳಿದಿದ್ದ. ಕ್ಯಾಮೆರಾಗಳನ್ನು ಕಂಡು ಹಲ್ಲು ಕಿರಿದು, "ಇದೇನ್ ವರ್ನೆಲಮ್ಮಾ, ಒಳಗೆ ಹೋಗಿ ಮಾತಾಡೋಣ" ಎಂದ.

ವರ್ನೆಲ್ ಪಕ್ಕಕ್ಕೆ ಸರಿದು, ಸೆರಗಿಲ್ಲದವಳು ಅಂಗಿಯ ತೋಳಿನಿಂದಲೇ ಪ್ಲಾಸ್ಟಿಕ್ ಒರೆಸಿ ಜಾಗ ಮಾಡಿಕೊಟ್ಟಳು.

"ಬಾರಪ್ಪಾ ಕೋಚು, ಕೂತ್ಕೋ. ಆವತ್ತು ಹೆಂಗ್ ಕೂತ್ಯೋ ಹಂಗೇ. ಊರೆಲ್ಲ ನೋಡ್ಲಿ."

ಕೋಚ್ ಕೂರಲಿಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ವರ್ನೆಲ್ ಇನ್ನೊಂದು ಕಾಯಿ ಎತ್ತಿಕೊಂಡು ಸಿಪ್ಪೆ ಸೀಳಿದಳು.