ಸ್ಮಾರಂದಾ ಟೀಚರ ಮೈಕು

ಮಾತಿಗೆ ಬಾಯಿ ತೆರೆಯುವ ಮುನ್ನ ಕೋಟಿನ ಎಡಗಡೆಯ ಕೊರಳಪಟ್ಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿಕೊಳ್ಳುವುದು ಸ್ಮಾರಂದಾ ಟೀಚರ ಅಭ್ಯಾಸ. ಪಾದ್ರಿಗಳು ಅದನ್ನು ಭಕ್ತಿಯೆಂದು ಬಗೆದರು. ಡಾಕ್ಟರು ಎದೆನೋವೆಂದು ಶಂಕಿಸಿದರು. ನಿವೃತ್ತರಾಗಿ ವರ್ಷಗಳು ಸಂದಿವೆ, ಆ ಪಟ್ಟಿಯಲ್ಲಿ ಈಗ ಏನೂ ಇಲ್ಲ. ಹಿಂದೆ ಏನಿತ್ತೆಂಬುದನ್ನು ಬಲ್ಲವರು ಬುಕೊವಿನಾ ಸೀಮೆಯ ನಮ್ಮ ಪುಟ್ಟ ಶಾಲೆಯಲ್ಲಿ ಅವರ ಜೊತೆ ಪಾಠ ಹೇಳಿದ ಕೆಲವರು ಮಾತ್ರ.

ಎರಡು ಕೈಯಲ್ಲೂ ನೀರಿನ ಬಕೆಟ್ಟು ಹಿಡಿದವರಂತೆ ಭುಜ ಇಳಿಬಿಟ್ಟು, ಆದರೂ ಬಿರುಸಾಗಿ ನಡೆಯುವ ಹೆಂಗಸು. ಸದಾ ಅದೇ ಕಂದು ಉಣ್ಣೆಯ ಕೋಟು. ಯಾರೊಡನೆ ಮಾತಾಡಿದರೂ, ತನಿಖೆಗೆ ಬಂದ ಅಧಿಕಾರಿಯೊಡನೆಯೂ, ಕೊನೆಗೊಂದು 'ಅಲ್ವಾ ಮರಿ'. ಅವರ ತರಗತಿಯಲ್ಲಿ ಅಕ್ಷರಗಳು ಕಣ್ಣೆದುರು ಕದಡಿಹೋಗುವ ಹುಡುಗನೊಬ್ಬನಿದ್ದ. ಅವನಿಗೆ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಟ್ಯಾಬ್ಲೆಟ್ಟನ್ನು ಹೊಂದಿಸಿಕೊಟ್ಟರು. ಕಿವಿ ಮಂದವಾಗಿದ್ದ ಇಲಿಂಕಾಗಾಗಿ ಜಿಲ್ಲಾ ಕಚೇರಿಯ ಮೆಟ್ಟಿಲುಗಳನ್ನು ಚಳಿಗಾಲವಿಡೀ ಸವೆಸಿ, ಕೋಟಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮೈಕನ್ನು ತಂದರು. ಟೀಚರ ಮಾತು ತರಗತಿಯ ಗದ್ದಲವನ್ನೆಲ್ಲ ದಾಟಿ ನೇರವಾಗಿ ಹುಡುಗಿಯ ಶ್ರವಣಯಂತ್ರವನ್ನು ಸೇರುತ್ತಿತ್ತು. ಮೊದಲ ದಿನ ಅವರು ಬೋರ್ಡಿನತ್ತ ಮುಖಮಾಡಿ ಪಿಸುಗುಟ್ಟಿದರಂತೆ: "ಇಲಿಂಕಾ, ನಿನ್ನ ಜಡೆ ಬಿಚ್ಚೋಗಿದೆ." ಹುಡುಗಿ ಬೆಚ್ಚಿ ಜಡೆ ಮುಟ್ಟಿಕೊಂಡು ನಕ್ಕ ಸದ್ದು ಕೇಳಿ, ಟೀಚರು ತಿರುಗದೆ ಅಲ್ಲೇ ನಿಂತು ಕಣ್ಣೊರೆಸಿಕೊಂಡರು.

ಮರುವರ್ಷ ವಸಂತದ ಒಂದು ಬಿಡುವಿನ ವೇಳೆ. ಶಿಕ್ಷಕರ ಕೋಣೆಯಲ್ಲಿ ಮುಖ್ಯೋಪಾಧ್ಯಾಯ ಪಿಂಟಿಲಿಯೆ ಕಾಫಿ ಬಗ್ಗಿಸುತ್ತ ಹಳೆಯ ಮಾತನ್ನೇ ಎತ್ತಿದರು.

"ಇಲಿಂಕಾನ ನಗರದ ಕಿವುಡರ ಶಾಲೆಗೆ ಕಳಿಸೋಣ ಅಂತಿದೀನಿ. ಏನಂತೀರಿ?"

ಅದುವರೆಗೆ ಪ್ರತಿ ಸಲವೂ ಕಡ್ಡಿ ಮುರಿದಂತೆ ಆಗದೆಂದಿದ್ದ ಸ್ಮಾರಂದಾ ಅಂದು ಕುರ್ಚಿಗೊರಗಿ ಕಣ್ಣುಮುಚ್ಚಿದರು. "ಕಳಿಸಿ ಸಾರ್. ಒಂದೊಂದ್ ಮಾತನ್ನೂ ಮತ್ತೆ ಮತ್ತೆ ಹೇಳಿ ಸಾಕಾಗ್ಹೋಗಿದೆ. ಅವಳು ಹೋದ್ರೆ ನಾನೂ ಒಂಚೂರು ಉಸಿರಾಡ್ತೀನಿ, ಅಲ್ವಾ ಮರಿ."

ಆರಿಸಲು ಮರೆತಿದ್ದ ಮೈಕಿನ ಹಸಿರು ದೀಪ ಕೊರಳಪಟ್ಟಿಯಲ್ಲಿ ಉರಿಯುತ್ತಿದ್ದುದನ್ನು ನಮ್ಮಲ್ಲಿ ಯಾರೂ ಗಮನಿಸಲಿಲ್ಲ. ಕಿಟಕಿಯ ಕೆಳಗಿನ ಅಂಗಳದಲ್ಲಿ ಇಲಿಂಕಾ ಪ್ಲಮ್ ಜಾಮು ಸವರಿದ ಬ್ರೆಡ್ಡು ತಿನ್ನುತ್ತ ಕೂತಿದ್ದಳು.

ಗಂಟೆ ಬಾರಿಸಿದ ಮೇಲೆ ಸ್ಮಾರಂದಾ ತರಗತಿಗೆ ಹೋದಾಗ ಇಲಿಂಕಾಳ ಎರಡೂ ಶ್ರವಣಯಂತ್ರಗಳು ಟೀಚರ ಮೇಜಿನ ಮೇಲಿದ್ದವು.

"ಯಾಕೆ ಮರಿ, ಕೇಳಿಸ್ತಿಲ್ವಾ?"

ಹುಡುಗಿ ಅವರ ತುಟಿಗಳನ್ನು ನೋಡಿ ಉತ್ತರಿಸಿದಳು: "ಕೇಳಿಸ್ತು ಟೀಚರ್. ಎಲ್ಲಾ ಚೆನ್ನಾಗಿ ಕೇಳಿಸ್ತು."

ಆಗಲೇ ಅವರ ಕೈ ಮೊದಲ ಬಾರಿ ಕೊರಳಪಟ್ಟಿಗೆ ಹೋದದ್ದು.

ಸಂಜೆ ಅವರು ಪಿಂಟಿಲಿಯೆಯವರ ಬಳಿ ತಮ್ಮ ಮಾತನ್ನು ಹಿಂತೆಗೆದುಕೊಂಡು, ಅಲ್ಲಿಂದ ನೇರ ಇಲಿಂಕಾಳ ಮನೆಗೆ ನಡೆದರು. ತಾಯಿ ಇಟ್ಟ ಚಹಾ ಮುಟ್ಟದೆ ಆರಿತು.

"ಸುಸ್ತಲ್ಲಿ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಕಣಮ್ಮ. ಅದು ನಿಜ ಅಲ್ಲ."

"ನಿಜಾನೇ ಟೀಚರ್," ಎಂದಳು ಹುಡುಗಿ, ಸಿಟ್ಟಿಲ್ಲದೆ. "ನನ್ನಿಂದ ನಿಮಗೆ ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ, ಅಷ್ಟೇ. ನಾನೇ ಹೋಗ್ತೀನಿ."

ಯಾರು ತಡೆದರೂ ಕೇಳದೆ ಶರತ್ಕಾಲದಲ್ಲಿ ಹೊರಟೇಹೋದಳು. ಅಲ್ಲಿ ಕೈಭಾಷೆ ಕಲಿತಳು, ಗೆಳತಿಯರನ್ನು ಗಳಿಸಿದಳು. ಸುಖವಾಗಿದ್ದಾಳೆಂದು ತಾಯಿ ಹೇಳುತ್ತಿದ್ದರು. ಆ ಸುದ್ದಿಯಿಂದ ಸ್ಮಾರಂದಾರಿಗೆ ನೆಮ್ಮದಿಯೂ ಆಯಿತು, ತಾವಿಲ್ಲದೆಯೇ ಆಯಿತಲ್ಲ ಎಂಬ ನೋವೂ ಆಯಿತು. ಬಳಿಕ ಬಂದ ಮಕ್ಕಳಿಗೂ ಅವರು ಅದೇ ಶ್ರದ್ಧೆಯಿಂದ ಕಲಿಸಿದರು. ಆದರೆ ದಣಿವಿನ ಮಾತನ್ನು ಅವರ ಬಾಯಿಂದ ನಾವು ಮತ್ತೆ ಕೇಳಲಿಲ್ಲ.

ಇಂಥವರು ಎಲ್ಲ ಊರುಗಳ ಶಾಲೆಗಳಲ್ಲೂ ಇದ್ದಾರೆ. ಎಲ್ಲರೂ ಕೈಬಿಟ್ಟ ಮಗುವಿನ ಕೈ ಹಿಡಿಯುವವರು ಅವರೇ. ಆದ್ದರಿಂದಲೇ ಒಮ್ಮೆ ಆ ಹಿಡಿತ ಸಡಿಲಿದರೂ ಮಗು ಬೀಳುವುದು ಅವರ ಕೈಯಿಂದಲೇ. ಅವರ ಪ್ರೀತಿ ಸುಳ್ಳಲ್ಲ, ಅವರಾಡಿದ ಮಾತೂ ಸುಳ್ಳಲ್ಲ. ಎರಡೂ ನಿಜವಾಗಿರುವುದರಿಂದಲೇ ಅವರಿಗೆ ಕ್ಷಮೆ ಕೇಳಲು ಬರುತ್ತದೆ, ಕ್ಷಮೆ ದಕ್ಕಿತೆಂದು ನಂಬಲು ಬರುವುದಿಲ್ಲ.