ಸೈರನ್ ಕೂಗಿದಾಗ ಬಿದ್ದ ಗೋಲು

ಹಟ್ಟಿಯ ಮೈದಾನದಲ್ಲಿ ಫುಟ್‌ಬಾಲ್ ಫೈನಲ್ ಮುಗಿಯುತ್ತಾ ಬಂದರೂ ಒಂದೂ ಗೋಲು ಬಿದ್ದಿರಲಿಲ್ಲ. ಹಟ್ಟಿಯ ಡಿಫೆಂಡರುಗಳೆಲ್ಲ ಚಿನ್ನದ ಗಣಿಯ ಗಟ್ಟಿ ಆಳುಗಳು. ಬಳಗಾನೂರಿನ ಫಾರ್ವರ್ಡ್ ದಾನಿಷ್‌ನನ್ನು ಮಿಸುಕಾಡಲೂ ಬಿಟ್ಟಿರಲಿಲ್ಲ. ಖಾಲಿ ಗೋಲಿನ ಎದುರು ಸಿಕ್ಕ ಒಂದೇ ಒಂದು ಸುಲಭದ ಚೆಂಡನ್ನೂ ಅವನು ಹೊರಗೆ ಒದ್ದಿದ್ದ.

"ನಮ್ಮವ್ವ ಹೊಡಿತಿದ್ಲಲ್ಲಲೇ ಇದನ್ನ!" ಎಂದು ಗೆಳೆಯ ವಿರೇಶನೇ ಉಗಿದಿದ್ದ.

ಅಷ್ಟರಲ್ಲಿ ಗಣಿಯ ಶಿಫ್ಟ್ ಸೈರನ್ ಕೂಗಿತು. ರೂಢಿ ಬಿಟ್ಟೀತೇ? ಡಿಫೆಂಡರುಗಳು ಚೆಂಡು ಬಿಟ್ಟು ಗಣಿಯ ಗೇಟಿನ ಕಡೆ ಹೊರಳಿದರು. ದಾನಿಷ್ ಬಾಣದಂತೆ ನುಗ್ಗಿ, ಗೋಲ್‌ಕೀಪರನ ಕಾಲ್ಸಂದಿಯಲ್ಲೇ ಚೆಂಡು ತೂರಿಸಿದ.

"ನಟ್‌ಮೆಗ್ ಲೇ, ಕಾಲ್ಸಂದ್ಯಾಗ ನಟ್‌ಮೆಗ್!" ವಿರೇಶ ಕುಣಿದಾಡಿದ.

"ಆಫ್‌ಸೈಡ್ ಐತಿ! ರೆಫರಿನ್ನ ಕೇಳ್ರಿ!" ಹಟ್ಟಿಯವರು ಬೊಬ್ಬೆಯಿಟ್ಟರು.

ರೆಫರಿ ನರಸಣ್ಣನೂ ಗಣಿಯವನೇ. ಬಾಯಲ್ಲಿ ಸೀಟಿ ಕಚ್ಚಿಕೊಂಡೇ ಸೈಕಲ್ ಏರಿ, ಗೇಟಿನತ್ತ ಜೋರಾಗಿ ತುಳಿಯುತ್ತಿದ್ದ.