ಎಡದ ಪಟ್ಟಿಗಳು

“ಇದೂ ಎಡಗಡೆದೇ ಕಣೋ, ಎಲ್ಡನ್,” ಅಂದಳು ವರ್ನಾ. ಏಪ್ರನ್ನಿನ ಜೇಬಿನಿಂದ ಸಣ್ಣ ಮರದ ಪಟ್ಟಿಯೊಂದನ್ನು ತೆಗೆದು ನನ್ನ ಚಹಾದ ಪಕ್ಕ ಇಟ್ಟಳು. ಹಿತ್ತಿಲ ಶೆಡ್ಡಿನಲ್ಲಿರುವ ಗಂಡ ಆಬ್ರಿಗೆ ಕೇಳಿಸೀತೆಂದು ದನಿ ತಗ್ಗಿಸಿದ್ದಳು. ಇಂಜಿನ್ನಿನ ಪಕ್ಕ ನಿಂತು ನಿಂತು ಆಬ್ರಿಯ ಕಿವಿ ಎಂದೋ ಹೋಗಿದೆ. ನನ್ನದೇನೂ ಕಡಿಮೆಯಿಲ್ಲ, ಇಬ್ಬರೂ ಒಂದೇ ದೋಣಿಯಲ್ಲಿ ಸೀಗಡಿ ಹಿಡಿದವರು.

ಪಟ್ಟಿಯ ಮೇಲೆ ಬೆರಳಾಡಿಸಿದೆ. ಬೆಣ್ಣೆ ಸವರಿದ ಹಾಗಿತ್ತು. ಕೈ ಇನ್ನೂ ಹಳೆಯ ಆಬ್ರಿಯದೇ.

ದೋಣಿ ಬಂದರಿನ ಧಕ್ಕೆಯ ಕಟ್ಟೆಗೆ ಉಜ್ಜಿದಾಗ ಮೈ ಕೆಡದಿರಲೆಂದು ಹೊರಬದಿಗೆ ಉದ್ದಕ್ಕೂ ಇಂಥ ಪಟ್ಟಿ ಹೊಡೆಯುತ್ತೇವೆ. ನೀರು ನಿಲ್ಲದಂತೆ ಹೊರಗಿನ ಮೇಲಂಚು ಇಳಿಜಾರಾಗಿರಬೇಕು, ಮೂತಿಯ ಹತ್ತಿರ ಒಳಕ್ಕೆ ಬಾಗಿರಬೇಕು. ಹಾಗಾಗಿ ಎಡದ್ದು ಬಲಕ್ಕೆ ಆಗುವುದಿಲ್ಲ, ಬೂಟಿನ ಹಾಗೆ. ಆಬ್ರಿ ಈಗ ಶೆಡ್ಡಿನಲ್ಲಿ ಮಾಡುತ್ತಿರುವ ಮೊಳದುದ್ದದ ಮಾದರಿ ದೋಣಿಗೂ ಅದೇ ನಿಯಮ. ಅದಕ್ಕೇ ನಮ್ಮ ಬಂದರಿನಲ್ಲಿ ಯಾರೂ ಒಂದೇ ಪಟ್ಟಿ ಮಾಡುವುದಿಲ್ಲ. ಜೋಡಿಯನ್ನು ಎದುರುಬದುರು ಇಟ್ಟುಕೊಂಡು ಇದಕ್ಕೊಂದು ಎಳೆತ, ಅದಕ್ಕೊಂದು ಎಳೆತ ಅಂತ ಕೀಸುತ್ತಾರೆ. ನನಗೆ ಅದನ್ನು ಕಲಿಸಿದವನೇ ಆಬ್ರಿ. ಈಗ ಅವನು ಎಡದ್ದು ಮಾಡುತ್ತಾನೆ, ಚೆನ್ನಾಗಿದೆ ಅಂತಾನೆ, ಮತ್ತೆ ಎಡದ್ದನ್ನೇ ಮಾಡುತ್ತಾನೆ.

ಆಬ್ರಿ-ವರ್ನಾರ ಮಗಳು ಜನೀನ್ ಹ್ಯಾಲಿಫ್ಯಾಕ್ಸ್ ನಗರದ ವೃದ್ಧರ ಆರೈಕೆ ಮನೆಯೊಂದರಲ್ಲಿ ಅಪ್ಪನಿಗೆ ಜಾಗ ಹಿಡಿದಿದ್ದಳು. ಆಬ್ರಿ ಒಲೆ ಹಚ್ಚಿ ಮರೆತಿದ್ದ, ಬರೀ ಕಾಲುಚೀಲದಲ್ಲಿ ಹಿಮದ ಮೇಲೆ ಧಕ್ಕೆಗೆ ಹೋಗಿ ನಿಂತಿದ್ದ. ಅವಳದ್ದೂ ತಪ್ಪಲ್ಲ. ವರ್ನಾ ಚೌಕಾಸಿ ಮಾಡಿದ್ದಳು: ಅಪ್ಪ ಈ ದೋಣಿ ಮುಗಿಸಿದರೆ ವಸಂತದವರೆಗೆ ಮನೆಯಲ್ಲೇ ಇರಲಿ. ಭಾನುವಾರ ನೋಡಿಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಕಾಯುತ್ತೇನೆ ಅಂದಿದ್ದಳು ಮಗಳು. ಅವನ ಬಟ್ಟೆಗಳಿಗೆಲ್ಲ ಹೆಸರು ಬರೆಯಿರಿ ಎಂದು ಆ ಆರೈಕೆ ಮನೆಯವರು ಕೊಟ್ಟಿದ್ದ ಪೆನ್ನು, ಮುಚ್ಚಳ ಸಹ ತೆಗೆಯದೆ, ಅಡುಗೆಮನೆಯ ಕಿಟಕಿಯಲ್ಲಿ ಬಿದ್ದಿತ್ತು.

ದೋಣಿಗೆ ಹಸಿರು ಬಣ್ಣ ಆಗಿತ್ತು. ಎಡದ ಪಟ್ಟಿ ಕೂತಿತ್ತು. ಬಲದ್ದೊಂದೇ ಬಾಕಿ.

“ನೀನೇ ಒಂದು ಮಾಡಿ ಅವನ ಕೈಗೆ ಸಿಗೋ ಹಾಗೆ ಇಟ್ಟುಬಿಡೋ,” ಅಂದಳು ವರ್ನಾ. “ತಾನೇ ಮಾಡಿದ್ದು ಅಂದ್ಕೋತಾನೆ.”

ಮನೆಗೆ ಹೋಗಿ ಪಟ್ಟಿ ಕೀಸಿ, ಕೆಟಲಿನ ಆವಿಗೆ ಹಿಡಿದು ಬಗ್ಗಿಸಿದೆ. ಮೊದಲನೆಯದು ಮುರಿಯಿತು, ಎರಡನೆಯದು ಒಪ್ಪಿತು. ಆಬ್ರಿಯದಷ್ಟು ನಯವಲ್ಲ, ಆದರೆ ಬಲದ್ದು. ಶನಿವಾರ ಅವನು ಊಟಕ್ಕೆಂದು ಶೆಡ್ಡಿನಿಂದ ಮನೆಯೊಳಗೆ ಹೋದಾಗ ಅವನ ಎಡದ ಪಟ್ಟಿಗಳ ನಡುವೆ ಇಟ್ಟು, ಏನೂ ಅರಿಯದವನ ಹಾಗೆ ಸ್ಟೂಲಿನ ಮೇಲೆ ಕೂತೆ.

ಬಂದವನೇ ನೇರ ಅದನ್ನೇ ಎತ್ತಿಕೊಂಡ. ಅದರ ಮೇಲೆ ಹೆಬ್ಬೆರಳು ಎಳೆದು ನೋಡಿ ನಕ್ಕ.

“ನಿನ್ನ ಕೆಲಸ ತಾನೆ ಇದು? ಇಷ್ಟು ವರ್ಷ ಕಲಿಸಿದ್ರೂ ಉಲ್ಟಾ ಮಾಡಿಟ್ಟಿದ್ದೀಯಲ್ಲೋ, ದಡ್ಡ.”

“ಬಲಗಡೆ ಹಿಡಿದು ನೋಡು, ಆಬ್ರಿ.”

“ಏನು ನೋಡೋದು,” ಅಂತ ಅದನ್ನು ನೆಲಕ್ಕೆ ಹಾಕಿ, ತನ್ನದೊಂದನ್ನು ತೆಗೆದು ದೋಣಿಯ ಬಲಕ್ಕೆ ಹಿಡಿದ. ಮೂತಿಯ ಹತ್ತಿರ ಅದು ಮೈ ಬಿಟ್ಟು ಹೊರಕ್ಕೆ ಚಾಚಿತು. ಒತ್ತಿದ. ಬಿಟ್ಟ. ಮತ್ತೆ ಒತ್ತಿದ. ಅವನ ಮುಖದಲ್ಲಿ ಏನೋ ಒಂದು ಹತ್ತಿರ ಬಂದು ನಿಂತ ಹಾಗಾಯಿತು. ಈಗ ಗೊತ್ತಾಗುತ್ತದೆ, ಈಗ ಗೊತ್ತಾಗುತ್ತದೆ ಅಂತ ಸ್ಟೂಲಿನಿಂದ ಅರ್ಧ ಎದ್ದೆ.

“ಪಟ್ಟಿ ಸರಿಯಾಗೇ ಇದೆ,” ಅಂದ ಆಬ್ರಿ ಕೊನೆಗೆ. “ದೋಣಿನೇ ಸೊಟ್ಟ.”

ಕೀಸುಳಿ ಎತ್ತಿಕೊಂಡು ದೋಣಿಯ ಬಲಮೈಯನ್ನು ಕೀಸತೊಡಗಿದ. ಅಷ್ಟು ಸಮಾಧಾನದ ಕೈ, ಅಷ್ಟು ಒಂದೇ ಸಮನಾದ ಎಳೆತ. ಕೆಳಗೆ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಸಿಪ್ಪೆಯ ಒಂದು ಬದಿ ಹಸಿರು.

ವರ್ನಾ ಯಾವಾಗ ಬಾಗಿಲಿಗೆ ಬಂದಳೋ ತಿಳಿಯದು. ಆ ಸಿಪ್ಪೆಯನ್ನು ನೋಡಿದಳು, ನೆಲದ ಮೇಲಿದ್ದ ನನ್ನ ಪಟ್ಟಿಯನ್ನು ನೋಡಿದಳು.

“ಮುಗೀತಾ, ಆಬ್ರಿ?”

“ಇನ್ನೊಂದು ಚೂರು ಕೀಸಿದ್ರೆ ಕೂರುತ್ತೆ ಕಣೇ. ಜನೀನ್ ಬರೋಷ್ಟರಲ್ಲಿ ಮುಗಿಸ್ತೀನಿ.”

“ಆಯ್ತು. ನಿಧಾನಕ್ಕೆ ಮಾಡು.”

ಗೂಟದಲ್ಲಿದ್ದ ಅವನ ಉಣ್ಣೆಯ ಟೋಪಿಯನ್ನು ತೆಗೆದುಕೊಂಡು ಹೋದಳು. ಶೆಡ್ಡಿನ ಕಿಟಕಿಯಿಂದ ಅಡುಗೆಮನೆ ಕಾಣುತ್ತದೆ. ಟೋಪಿಯನ್ನು ಒಳಮಗ್ಗುಲು ಹೊರಗಾಗುವಂತೆ ತಿರುವಿ ಮೇಜಿನ ಮೇಲೆ ಹರಡಿದಳು, ಕಿಟಕಿಯಲ್ಲಿದ್ದ ಆ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದಳು.